ಏರ್ ಹಾರ್ನಿನ ದನಿ ತಗ್ಗಿಸಿದೆ

ಕಲಬುರಗಿಯ ಶಹಾಬಜಾರದಿಂದ ನೆಹರು ಗಂಜ್ ಮಾರುಕಟ್ಟೆಗೆ ದಿನಾ ಸೈಕಲ್ ಮೇಲೆ ಹೋಗುತ್ತೇನೆ. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ತೊಗರಿ ಸುಗ್ಗಿ ಬಂತಂದ್ರೆ ಗಂಜ್ ತುಂಬಾ ಲಾರಿ, ಟಂಟಂ ಆಟೋ. ಸೈಕಲ್ ಗಂಟೆ ಯಾರ ಕಿವಿಗೂ ಬೀಳೋದಿಲ್ಲ. ಅದಕ್ಕೇ ಏರ್ ಹಾರ್ನ್ ಹಾಕಿಸಿದೆ. ನೀರಿನ ಬಾಟಲಿ ಜಾಗದಲ್ಲಿ ಗಾಳಿ ಬಾಟಲಿ, ಅಲ್ಲಿಂದ ಸಣ್ಣ ಪೈಪು, ಹ್ಯಾಂಡಲ್ ಮೇಲೆ ಹಾರ್ನ್. ಡಬ್ಬಿ ಮೇಲೆ 115 ಡೆಸಿಬೆಲ್ ಅಂತ ಬರೆದಿತ್ತು, ಅದು ಸದ್ದಿನ ಅಳತೆ.

ಹೋದ ವಾರ ಒಬ್ಬ ಆಯಿ ಪುಂಡಿ ಪಲ್ಯದ ಸಿವುಡು ಹಿಡಿದು ಅಡ್ಡ ಬಂದರು. ಒತ್ತಿಬಿಟ್ಟೆ. ಸಿವುಡು ಕೈಜಾರಿ ಬಿತ್ತು. ಎದೆ ಹಿಡಿದುಕೊಂಡು ಅಲ್ಲೇ ಕಟ್ಟೆ ಮೇಲೆ ಕೂತರು. "ಜೀವಾನೇ ಹೋಗಿತ್ತಲ್ಲೋ ತಮ್ಮಾ" ಅಂದರು. ಪಲ್ಯ ಆರಿಸಿ ಕೊಟ್ಟೆ. ತಗೊಳ್ಳುವಾಗಲೂ ಅವರ ಬೆರಳು ನಡುಗುತ್ತಿದ್ದವು.

ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 115 ಇದ್ದದ್ದು 32 ಮೀಟರ್ ದೂರದ ಲಾರಿಯವನಿಗೆ 85. ಎರಡು ಮೀಟರಿನಲ್ಲಿದ್ದ ಆಯಿಗೆ 109! ಗಲ್ಲಿಯಲ್ಲಂತೂ ಗೋಡೆಗೆ ಬಡಿದು ಇನ್ನೂ ಜಾಸ್ತಿ. ಹಾರ್ನ್ ಹಾಕಿಸುವಾಗ ನಾನು ಲಾರಿ ಒಂದನ್ನೇ ಲೆಕ್ಕಕ್ಕೆ ಹಿಡಿದಿದ್ದೆ, ಅದು ತಪ್ಪು.

ಅವತ್ತೇ ಸಂಜೆ ಸರಿ ಮಾಡಲು ಕೂತೆ. ಮೊದಲು ಗಾಳಿ. ಬಾಟಲಿಗೆ 80 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಮೀರಬಾರದು ಅಂತಿದೆ, ನಾನು ಪಂಕ್ಚರ್ ಅಂಗಡಿಯಲ್ಲಿ ಅಷ್ಟೂ ತುಂಬಿಸುತ್ತಿದ್ದೆ. ಈಗ 60ಕ್ಕೆ ನಿಲ್ಲಿಸುತ್ತೇನೆ. ನಮ್ಮ ಬಿಸಿಲಿಗೆ ಅದೇ ಒಳ್ಳೇದು, ಬಾಟಲಿ ಕಾದರೆ ಒಳಗಿನ ಒತ್ತಡವೂ ಏರುತ್ತೆ ಅಲ್ವಾ. ಆದರೆ ಗಾಳಿ ಕಮ್ಮಿ ಮಾಡಿದ್ದರಿಂದ ಸಿಕ್ಕಿದ್ದು ಸ್ವಲ್ಪವೇ.

ನಿಜವಾದ ಕೆಲಸ ಹಾರ್ನಿನ ತಲೆ ಮೇಲಿನ ತಿರುಪಿನದು. ಮನೆಯಾಕೆ ಗಲ್ಲಿಯ ಆ ತುದಿಯಲ್ಲಿ ನಿಂತಳು. ನಾನು ಕಾಲು ಸುತ್ತು ಬಿಗಿ ಮಾಡೋದು, ಒತ್ತೋದು. ಅವಳು ಕೈ ಎತ್ತಿದರೆ ಕೇಳಿತು ಅಂತ. ಜಾಸ್ತಿ ಬಿಗಿ ಮಾಡಿದಾಗ ದನಿಯೇ ಹೊರಡಲಿಲ್ಲ, ಸುಮ್ನೆ ಬುಸ್ ಅಂತ ಗಾಳಿ ಹೋಯಿತು. ಅಲ್ಲಿಂದ ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದೆ. ಪೀಪಿ ಊದಿದ ಹಾಗೆ ಮೆತ್ತಗೆ ಬಂತು. ಪಕ್ಕದ ಮನೆ ಕಟ್ಟೆ ಮೇಲೆ ಮಲಗಿದ್ದ ನಾಯಿ ಕಿವಿ ನಿಮಿರಿಸಿತು, ಎದ್ದು ಓಡಲಿಲ್ಲ. ಅದೇ ಅಳತೆ ಇಟ್ಟುಕೊಂಡೆ.

ಆ ಜಾಗಕ್ಕೆ ಅವಳ ಕೆಂಪು ಉಗುರು ಬಣ್ಣದಿಂದ ಒಂದು ಚುಕ್ಕೆ ಇಟ್ಟಿದ್ದೇನೆ. ರಿಂಗ್ ರೋಡಿಗೆ ಹೋದರೆ ತಿರುಪು ಸಡಿಲ ಮಾಡುತ್ತೇನೆ. ಗಲ್ಲಿಗೆ ತಿರುಗುವ ಮೊದಲು ಸೈಕಲ್ ನಿಲ್ಲಿಸಿ, ಮತ್ತೆ ಆ ಚುಕ್ಕೆಗೆ ತರುತ್ತೇನೆ.