ತೆಂಗಿನಕಾಯಿ ಪಕ್ಷದ ಹದಿಮೂರು ತಿಂಗಳು

ಕರ್ನಾಟಕ ಜನತಾ ಪಕ್ಷ ನೆನಪಿದೆಯಾ? ಅದೇ, ಯಡಿಯೂರಪ್ಪನವರ ಕೆಜೆಪಿ, ತೆಂಗಿನಕಾಯಿ ಚಿಹ್ನೆಯದ್ದು. ನಮ್ಮಲ್ಲಿ ಯಾಕೆ ಡಿಎಂಕೆ, ತೆಲುಗುದೇಶಂ ಥರದ ಪಕ್ಷ ಬೆಳೆಯಲಿಲ್ಲ ಅಂತ ಯಾರಾದರೂ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದೇ.

ಗಣಿ ವಿಚಾರದ ಲೋಕಾಯುಕ್ತ ವರದಿ ಬಂದು 2011ರ ಜುಲೈನಲ್ಲಿ ಅವರು ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಯಿತು. ಆಮೇಲೆ ಸದಾನಂದ ಗೌಡರು ಬಂದರು, ಶೆಟ್ಟರ್ ಬಂದರು, ಇವರನ್ನು ಮಾತ್ರ ಯಾರೂ ವಾಪಸ್ ಕೂರಿಸಲಿಲ್ಲ. 2012ರ ನವೆಂಬರ್ ಕೊನೆಗೆ ಬಿಜೆಪಿ ಬಿಟ್ಟರು, ಡಿಸೆಂಬರ್ 9ಕ್ಕೆ ಹಾವೇರಿಯಲ್ಲಿ ದೊಡ್ಡ ಸಮಾವೇಶ. ಪಕ್ಷ ಕೂಡ ಅವರು ಹೊಸದಾಗಿ ಕಟ್ಟಿದ್ದಲ್ಲ, ಪದ್ಮನಾಭ ಪ್ರಸನ್ನ ಎನ್ನುವವರು ಮೊದಲೇ ಸ್ಥಾಪಿಸಿದ್ದ ಪಕ್ಷಕ್ಕೆ ಇವರು ಬಂದು ಸೇರಿಕೊಂಡರು. ದಿಲ್ಲಿಯ ಹೈಕಮಾಂಡ್ ಬೇಡ, ನಾಡಿಗೆ ನಮ್ಮದೇ ಪಕ್ಷ ಬೇಕು ಎನ್ನುವ ಮಾತೆಲ್ಲ ಜೋರಾಗಿತ್ತು. ಆದರೆ ಜೊತೆಗೆ ಬರುತ್ತಾರೆ ಅಂದುಕೊಂಡಿದ್ದ ಎಷ್ಟೋ ಶಾಸಕರು, ಅಧಿಕಾರ ಇರುವಷ್ಟು ದಿನ ಇರೋಣ ಅಂತ ಸರ್ಕಾರದಲ್ಲೇ ಉಳಿದರು. ಸಹಜ ತಾನೇ.

2013ರ ಮೇನಲ್ಲಿ ಫಲಿತಾಂಶ ಬಂತು. ಕೆಜೆಪಿಗೆ ಸುಮಾರು ಶೇ 10ರಷ್ಟು ಮತ, ಸೀಟು ಬರೀ 6. ಶಿಕಾರಿಪುರದಲ್ಲಿ ಯಡಿಯೂರಪ್ಪ ಗೆದ್ದರು, ಆದರೆ ರಾಜಾಜಿನಗರದಲ್ಲಿ ಶೋಭಾ ಕರಂದ್ಲಾಜೆ, ಹಾನಗಲ್‌ನಲ್ಲಿ ಸಿ.ಎಂ. ಉದಾಸಿ ಇಬ್ಬರೂ ಸೋತರು.

ಸೋತ ಲೆಕ್ಕ ಇಷ್ಟು. ಸೋಲಿಸಿದ ಲೆಕ್ಕ ನೋಡಬೇಕು ನೀವು! 2008ರಲ್ಲಿ 110 ಸೀಟು ಗೆದ್ದಿದ್ದ ಬಿಜೆಪಿ 40ಕ್ಕೆ ಕುಸಿಯಿತು, ಕಾಂಗ್ರೆಸ್ 122 ಸೀಟಿನೊಂದಿಗೆ ಆರಾಮಾಗಿ ಸರ್ಕಾರ ಮಾಡಿತು. ಶಿವಮೊಗ್ಗ ನಗರದ್ದೇ ತಗೊಳ್ಳಿ. ಉಪಮುಖ್ಯಮಂತ್ರಿಯಾಗಿದ್ದ ಈಶ್ವರಪ್ಪನವರು ಅಲ್ಲಿ ಮೂರನೇ ಸ್ಥಾನಕ್ಕೆ ಹೋದರು, ಕೆಜೆಪಿಯ ರುದ್ರೇಗೌಡರು ಎರಡನೆಯವರು, ಗೆದ್ದ ಕಾಂಗ್ರೆಸ್‌ನ ಪ್ರಸನ್ನಕುಮಾರ್‌ಗೂ ಅವರಿಗೂ ಇದ್ದ ಅಂತರ 300 ಮತವೂ ಇಲ್ಲ. ಒಂದೇ ಮನೆಯ ಮತ ಎರಡು ಪಾಲಾಗಿ, ಊಟ ಮೂರನೆಯವನಿಗೆ.

ಬಿಜೆಪಿ ಹೊರಗೆ ಏನೇ ಹೇಳಲಿ, ಈ ಮನುಷ್ಯ ಇಲ್ಲದಿದ್ದರೆ ನಮಗೆ ಕಷ್ಟ ಅಂತ ಅವತ್ತೇ ಅದಕ್ಕೆ ಅರ್ಥವಾಗಿತ್ತು. ಯಡಿಯೂರಪ್ಪನವರಿಗೂ ಬೇಕಾಗಿದ್ದು ಅಷ್ಟೇ ಅಂತ ನನ್ನ ಅನಿಸಿಕೆ. ಪಕ್ಷ ಬೆಳೆಸುವ ಉದ್ದೇಶ ಇದ್ದಿದ್ದರೆ ಶೇ 10 ಮತ ಏನೂ ಕಮ್ಮಿ ಅಲ್ಲ. ಮೊದಲ ಚುನಾವಣೆಯಲ್ಲೇ ಅಷ್ಟು ಸಿಕ್ಕಿದವರು ಇನ್ನೈದು ವರ್ಷ ಊರೂರು ಸುತ್ತುತ್ತಿದ್ದರು. ಇವರು 2014ರ ಜನವರಿಯಲ್ಲಿ ಬಿಜೆಪಿಗೆ ವಾಪಸ್, ಮೇ ಹೊತ್ತಿಗೆ ಶಿವಮೊಗ್ಗದ ಸಂಸದ. ರಾಜ್ಯದಲ್ಲಿ ಬಿಜೆಪಿಗೆ 28ರಲ್ಲಿ 17 ಸೀಟು.

ಪಾಪ ಅನಿಸುವುದು ಕಾರ್ಯಕರ್ತರ ಬಗ್ಗೆ. ಹಳೇ ಗೆಳೆಯರ ಜೊತೆ ಜಗಳ ಮಾಡಿಕೊಂಡು ತೆಂಗಿನಕಾಯಿಗೆ ಮತ ಕೇಳಿದವರು, ವರ್ಷ ಕಳೆಯುವಷ್ಟರಲ್ಲಿ ಅದೇ ಗೆಳೆಯರ ಪಕ್ಕ ನಿಂತು ಕಮಲಕ್ಕೆ ಕೇಳಬೇಕಾಯಿತು. ಎಲ್ಲರೂ ಹಿಂದಿರುಗಲಿಲ್ಲ ಅನ್ನಿ, ಆಳಂದದಲ್ಲಿ ಕೆಜೆಪಿಯಿಂದ ಗೆದ್ದಿದ್ದ ಬಿ.ಆರ್. ಪಾಟೀಲರು ಮುಂದೆ ಕಾಂಗ್ರೆಸ್ ಕಡೆ ಹೋದರು.

ಇದೇ ಕಥೆ ಆಮೇಲೂ ನಡೆಯಿತು. 2022ರ ಡಿಸೆಂಬರ್‌ನಲ್ಲಿ ಜನಾರ್ದನ ರೆಡ್ಡಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಅಂತ ಶುರು ಮಾಡಿದರು, ಮುಂದಿನ ವರ್ಷ ಗಂಗಾವತಿ ಒಂದನ್ನು ಗೆದ್ದರು, 2024ರ ಮಾರ್ಚ್‌ಗೆ ಬಿಜೆಪಿಯಲ್ಲಿ ವಿಲೀನ. ಅದೂ ಒಂದೂವರೆ ವರ್ಷ ದಾಟಲಿಲ್ಲ.