ಅವರೆಕಾಳು ಹಿತಕುವ ಬೆರಳಿಗೆ ‘ಅ’ ಬರೆಯುವ ಅವಸರವಿಲ್ಲ

ಮೂರೂವರೆ ವರ್ಷದ ಮೊಮ್ಮಗಳಿಗೆ ನರ್ಸರಿಯಲ್ಲಿ ಪುಟ ತುಂಬಾ ‘ಅ’ ಬರೆಯುವ ಹೋಂವರ್ಕ್ ಕೊಟ್ಟಿದ್ದಾರೆ. “ಅಮ್ಮಾ, ನೀನು ಟೀಚರ್ ಆಗಿದ್ದವಳಲ್ವಾ, ಸ್ವಲ್ಪ ಬರೆಸು” ಎಂದು ಮಗಳು ಅವಳನ್ನು ನನ್ನ ಮುಂದೆ ಕೂರಿಸಿ ಹೋದಳು. ನಾನು ಪುಸ್ತಕ ಮಡಚಿಟ್ಟು, ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಪಾತ್ರೆ ತಂದೆ.

ಹಟಕ್ಕೆ ಮಾಡಿದ್ದಲ್ಲ. ಸಾಮಾನ್ಯವಾಗಿ 3 ವರ್ಷದ ಮಗು ನೋಡಿಕೊಂಡು ಒಂದು ಸೊನ್ನೆ ಸುತ್ತುತ್ತದೆ. 4ರ ಹೊತ್ತಿಗೆ ಕೂಡುವ ಗುರುತು ಬರೆಯುತ್ತದೆ. ಆಮೇಲೆ ಚೌಕ. ತ್ರಿಕೋನಕ್ಕೆ 5 ಆದರೂ ಆಗಬೇಕು. ಹುಟ್ಟಿದಾಗ ಮಣಿಕಟ್ಟಿನ 8 ಮೂಳೆಗಳೂ ಮೆದುವಾಗೇ ಇರುತ್ತವೆ, ವರ್ಷಗಳ ಮೇಲೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಅಂಥ ಕೈಗೆ ‘ಅ’ದ ಆ ಸುತ್ತು, ಆ ತಿರುವು ಎಲ್ಲ ಈಗಲೇ ಬಾ ಅಂದರೆ ಎಲ್ಲಿಂದ ಬರಬೇಕು?

ಅವರೆಕಾಳು ಹಿತಕುವುದನ್ನು ನೋಡಿದ್ದೀರಲ್ಲ? ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒಂದು ತುದಿಯಲ್ಲಿ ಒತ್ತಬೇಕು. ಮೆಲ್ಲಗೆ ಒತ್ತಿದರೆ ಬೇಳೆ ಜಗ್ಗುವುದಿಲ್ಲ. ಜಾಸ್ತಿ ಒತ್ತಿದರೆ ಪುಟಕ್ಕನೆ ಹಾರಿ ಸೋಫಾ ಕೆಳಗೆ ಹೋಗುತ್ತದೆ. ಮೊದಮೊದಲು ಮೊಮ್ಮಗಳದ್ದೆಲ್ಲ ಸೋಫಾ ಕೆಳಗೇ. ಬೇಳೆ ಹಾರಿದಷ್ಟೂ ಅವಳಿಗೆ ನಗು. ಹಾಗೇ ಆಡುತ್ತಾ ಎಷ್ಟು ಒತ್ತಬೇಕು ಅನ್ನುವುದು ಬೆರಳಿಗೆ ಗೊತ್ತಾಗಿಬಿಟ್ಟಿತು. ಪೆನ್ಸಿಲ್ ಮುಳ್ಳು ಪಟಪಟ ಮುರಿಯುವ ಮಕ್ಕಳಿಗೆ ಬೇಕಾದದ್ದು ಇದೇ ಹದ. ಬೆರಳಿಗೆ ಕಸರತ್ತು ಮಾಡಿಸುವ ಕಿಟ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ, ತರಿಸುವವರು ತರಿಸಲಿ. ಇಲ್ಲಿ ಸಂಜೆಗೆ ಹಿತಕಿದ ಬೇಳೆ ಸಾರೂ ಆಗುತ್ತದೆ.

ಚಿಕ್ಕ ಮೊಮ್ಮಗನಿಗೆ ಒಂದೂವರೆ ವರ್ಷ. ಅವನ ಕೈಗೆ ಕಾಳು ಕೊಡುವ ಮಾತೇ ಇಲ್ಲ. ಈ ವಯಸ್ಸಿನಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ, ಕೆಲವೊಮ್ಮೆ ಮೂಗಿಗೆ. ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಪಾತ್ರೆಯನ್ನು ಅವನಿಂದ ದೂರ ಇಟ್ಟು, ಅವನಿಗೆ ಸ್ಟೀಲ್ ಡಬ್ಬಿಗಳನ್ನೂ ಮುಚ್ಚಳಗಳನ್ನೂ ಕೊಡುತ್ತೇನೆ. ಯಾವ ಡಬ್ಬಿಗೆ ಯಾವ ಮುಚ್ಚಳ ಅಂತ ಹುಡುಕುತ್ತಾ ಅರ್ಧ ಗಂಟೆ ಮನೆ ತಲೆಮೇಲೆ ಮಾಡುತ್ತಾನೆ. ಸದ್ದು ತಡೆದುಕೊಳ್ಳಬೇಕು, ಅಷ್ಟೇ.

ದೊಡ್ಡ ಮೊಮ್ಮಗನಿಗೆ ಐದೂವರೆ. ಅವನಿಗೆ ಹಿತಕುವುದು ಬೋರು. ಅವನು ಕಾಯಿ ಬಿಡಿಸುತ್ತಾನೆ, ಒಂದೊಂದರಲ್ಲೂ ಎಷ್ಟು ಕಾಳು ಎಂದು ಎಣಿಸುತ್ತಾನೆ, ಹತ್ತು ಹತ್ತರ ಗುಂಪು ಮಾಡುತ್ತಾನೆ. ಹುಳ ಸಿಕ್ಕರೆ ಲೆಕ್ಕವೆಲ್ಲ ಬಂದ್. ಅದು ಎಲ್ಲಿ ಹೋಗುತ್ತೆ, ಏನು ತಿನ್ನುತ್ತೆ ಅಂತ ಹಿಂದೆಯೇ ಹೋಗುತ್ತಾನೆ. ಹೋಗಲಿ ಬಿಡಿ, ಅದೂ ಪಾಠವೇ.

ಅಕ್ಷರ ಶುರು ಮಾಡಿರುವುದು ಅವನಿಗೆ. ಅದೂ ಅ, ಆ, ಇ, ಈ ಸಾಲಿನಲ್ಲಲ್ಲ. ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ತೆಗೆದುಕೊಂಡವಳು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂದ ಪದ್ಧತಿ ಅದು. ಅಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ರ ಬಂದರೆ ಅದೇ ಸುತ್ತನ್ನು ಸ್ವಲ್ಪ ತಿದ್ದಿ ಮುಂದಿನದಕ್ಕೆ ಹೋಗಬಹುದು. ‘ಅ’ ಐದನೆಯದು ನೋಡಿ! ಇನ್ನೂ ದೊಡ್ಡ ಲಾಭವೆಂದರೆ ಐದೇ ಅಕ್ಷರದಲ್ಲಿ ಮಗು ಓದಲು ಶುರು ಮಾಡುತ್ತದೆ. ಸರ, ಅರಸ, ಅಗಸ, ಗರಗಸ, ದಸರ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ.

ಹಳೇ ಮದುವೆ ಕಾಗದಗಳ ಹಿಂದೆ ಈ ಐದನ್ನೂ ದಪ್ಪಗೆ ಬರೆದು ಕತ್ತರಿಸಿ ಕೊಟ್ಟಿದ್ದೇನೆ. ನೆಲದ ಮೇಲೆ ಜೋಡಿಸುತ್ತಾನೆ, ಓದುತ್ತಾನೆ, ಕೆಡಿಸುತ್ತಾನೆ. ಮೊನ್ನೆ ‘ಗಸಗಸ’ ಎಂದು ಜೋಡಿಸಿ, “ಅಜ್ಜಿ, ಪಾಯಸ!” ಎಂದ. ಗಸಗಸೆಗೆ ಕೊನೆಯಲ್ಲಿ ‘ಸೆ’ ಬೇಕು ಎಂದು ನಾನು ತಿದ್ದಲಿಲ್ಲ. ಗುಣಿತಾಕ್ಷರಕ್ಕೆ ಇನ್ನೂ ಟೈಮಿದೆ.

ನರ್ಸರಿ ಮಿಸ್‌ಗೆ ಮಗಳು ಒಂದು ಚೀಟಿ ಬರೆದಿದ್ದಾಳೆ. ಇವಳು ಸದ್ಯಕ್ಕೆ ಸೊನ್ನೆ, ಗೆರೆ, ರಂಗೋಲಿ ಚುಕ್ಕಿ ಮಾಡಲಿ, ಅಕ್ಷರ ಮುಂದಿನ ವರ್ಷ ನೋಡೋಣ ಅಂತ. ಉತ್ತರ ಇನ್ನೂ ಬಂದಿಲ್ಲ. ದೊಡ್ಡವನದ್ದು ಮಾತ್ರ ಒಂದೇ ಕಾಟ, ಹೊಸ ಅಕ್ಷರ ಬೇಕಂತೆ. ಎದುರುಮನೆಯವರ ಎತ್ತಿನ ಹೆಸರು ಬಸವ, ಅದನ್ನು ಬರೆಯಬೇಕಂತೆ ಅವನಿಗೆ. ಮುಂದಿನ ಕಂತು ಜ, ವ, ಮ, ಬ, ನ. ಬ ಮತ್ತು ವ ಎರಡೂ ಅದರಲ್ಲೇ ಇವೆ. ಇನ್ನೊಂದೆರಡು ಮದುವೆ ಕಾಗದ ಹುಡುಕಬೇಕು.