ಖಾಲಿ ಪೊದೆ

23 ಏಪ್ರಿಲ್ 2024, ಮಂಗಳವಾರ, ರಾತ್ರಿ

ಬೆಳಿಗ್ಗೆ ಎದ್ದು ನೋಡಿದರೆ ಪೊದೆ ಖಾಲಿ. ಮೂರು ದಿನ ಜಿಟಿಜಿಟಿ ಮಳೆ, ಬಡಗಣ ಗಾಳಿ. ಅಷ್ಟೂ ದಿನ, ವಸಂತದ ವಲಸೆಗೆ ಬಡಗಣ ದಿಕ್ಕಿಗೆ ಹೊರಟ ಉಲಿಯಕ್ಕಿಗಳು (ವಾರ್ಬ್ಲರ್) ಇಲ್ಲೇ ಎಲೆಯಡಿ ತಡಕುತ್ತಾ ಹುಳ ಹೆಕ್ಕುತ್ತಿದ್ದವು. ನಿನ್ನೆ ಸಂಜೆ ಮೋಡ ಚೆದುರಿ ತೆಂಕಣ ಗಾಳಿ ಬೀಸತೊಡಗಿದಾಗಲೇ ಅಂದುಕೊಂಡಿದ್ದೆ, ಇನ್ನಿವು ನಿಲ್ಲುವುದಿಲ್ಲ ಎಂದು.

ಹಾಡುಹಕ್ಕಿಗಳಲ್ಲಿ ಹೆಚ್ಚಿನವು ವಲಸೆ ಹೊರಡುವುದು ಕತ್ತಲಾದ ಮೇಲೆ. ರಾತ್ರಿಯ ಗಾಳಿ ತಂಪು, ಅಲುಗಾಟ ಕಡಿಮೆ, ಗಿಡುಗದ ಭಯವೂ ಅಷ್ಟಿಲ್ಲ. ಹತ್ತು ಹನ್ನೆರಡು ಗ್ರಾಂ ತೂಗುವ ಜೀವಕ್ಕೆ ಮೈಯ ಕೊಬ್ಬೇ ದಾರಿಬುತ್ತಿ. ಗಾಳಿ ಬೆನ್ನಿಗಿದ್ದರೆ ಬುತ್ತಿ ಉಳಿಯುತ್ತದೆ, ಎದುರಾದರೆ ನಡುದಾರಿಯಲ್ಲೇ ಮುಗಿಯುತ್ತದೆ.

ಮೆಕ್ಸಿಕೋ ಕೊಲ್ಲಿ ದಾಟುವವುಗಳ ಪಾಡಂತೂ ಕಷ್ಟ. ಮೆಕ್ಸಿಕೋದ ಯುಕಟಾನ್ ಪರ್ಯಾಯ ದ್ವೀಪದಿಂದ ಮುಸ್ಸಂಜೆ ಹೊರಟರೆ ಮುಂದೆ ಸುಮಾರು 1,000 ಕಿ.ಮೀ. ಬರೀ ನೀರು. ತೆಂಕಣ ಗಾಳಿ ಸಿಕ್ಕಿದರೆ ಮರುದಿನ ಹಗಲಲ್ಲೇ ಅಮೆರಿಕದ ದಡ. ಎಷ್ಟೋ ಹಕ್ಕಿಗಳು ಅಲ್ಲಿ ನಿಲ್ಲದೆ ಒಳನಾಡಿನ ಕಾಡಿಗೇ ಹೋಗಿ ಇಳಿಯುತ್ತವೆ. ದಾರಿಯಲ್ಲಿ ಉತ್ತರದ ಶೀತಗಾಳಿಯೂ ಮಳೆಯೂ ಅಡ್ಡ ಬಂದರೆ ದಡದ ಮೊದಲ ಮರ ಕಂಡದ್ದೇ ತಡ, ಸೋತು ಎರಗುತ್ತವೆ. ಟೆಕ್ಸಸ್ ಕರಾವಳಿಯ ಹೈ ಐಲ್ಯಾಂಡ್‌ ಎಂಬ ಊರಿನಲ್ಲಿ ಅಂಥ ದಿನ ಕೊಂಬೆ ಕೊಂಬೆಯಲ್ಲೂ ಬಣ್ಣ. ನೋಡುವವರಿಗೆ ಹಬ್ಬ. ಆ ಫೋಟೋಗಳನ್ನು ನೋಡುತ್ತಾ ನಾನೂ ಅಂಥದೊಂದು ದಿನಕ್ಕಾಗಿ ಹಂಬಲಿಸಿದ್ದೆ. 1993ರ ಏಪ್ರಿಲ್ 8ರಂದು ಲೂಸಿಯಾನದ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಸತ್ತ ಹಕ್ಕಿಗಳು ಸುಮಾರು 40,000 ಎಂದು ಓದಿದ ಮೇಲೆ ಆ ಆಸೆ ಇಳಿದುಹೋಯಿತು. ಕಣ್ಣಿಗೆ ಹಬ್ಬವಾದ ದಿನ ಹಕ್ಕಿಗೆ ಉಸಿರು ಉಳಿದದ್ದೇ ಹೆಚ್ಚು. ಪೊದೆ ಖಾಲಿಯಾದ ಬೆಳಗೆಂದರೆ ಅವಕ್ಕೆ ಒಳ್ಳೆಯ ರಾತ್ರಿ ಸಿಕ್ಕಿತೆಂದೇ ಲೆಕ್ಕ.

ಈಗ ಇದನ್ನೆಲ್ಲ ರೇಡಾರ್ ತೋರಿಸುತ್ತದೆ. 1960ರ ದಶಕದಲ್ಲಿ ಪಕ್ಷಿವಿಜ್ಞಾನಿ ಸಿಡ್ನಿ ಗೋಥ್ರೋ ಲೂಸಿಯಾನದ ಹವಾಮಾನ ರೇಡಾರ್‌ನಲ್ಲಿ ಕೊಲ್ಲಿ ದಾಟಿ ಬರುವ ಹಕ್ಕಿಗಳನ್ನು ಗುರುತಿಸಿದರು. ಮಳೆ ಹುಡುಕುವ ಯಂತ್ರಕ್ಕೆ ಹಕ್ಕಿಗಳ ಹಿಂಡು ಸಿಕ್ಕಿತು! ಅದಕ್ಕೂ ಮೊದಲು, 1940ರ ದಶಕದಲ್ಲಿ, ಇನ್ನೊಬ್ಬ ಪಕ್ಷಿವಿಜ್ಞಾನಿ ಜಾರ್ಜ್ ಲೋವರಿ ಹಿಡಿದದ್ದು ಇನ್ನೂ ಸರಳ ದಾರಿ: ದೂರದರ್ಶಕವನ್ನು ಚಂದ್ರನಿಗೆ ನೆಟ್ಟು, ಅಡ್ಡ ಹಾಯುವ ಹಕ್ಕಿಗಳನ್ನು ಎಣಿಸುವುದು.

ಇವತ್ತು ಹುಣ್ಣಿಮೆ, ಗಾಳಿ ಇನ್ನೂ ದಕ್ಷಿಣದ್ದೇ. ಒಂಬತ್ತೂವರೆಗೆ ನಾನೂ ಕೂತೆ. ಮೊದಲ ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಬೆಳ್ಳಗಿನ ಬಿಲ್ಲೆಯ ಮೇಲೆ ಎಳ್ಳಿನಷ್ಟು ಕಪ್ಪು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಮತ್ತೊಂದು. ಹತ್ತೂವರೆಗೆ ಏಳಾದವು, ಏಳೂ ಒಂದೇ ದಿಕ್ಕಿಗೆ. ಎಂಟನೆಯದಕ್ಕೆ ಕಾಯುತ್ತಿದ್ದಾಗ ಚಂದ್ರನಿಗೆ ಮೋಡ ಕವಿಯಿತು.